ಮಜಲ್‌ಲೋಡರ್‌ನಲ್ಲಿ ಎಲ್ಕ್ ಬೇಟೆ: ಗುಂಡು ಮೊದಲು, ಮದ್ದು ಆಮೇಲೆ

ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಎಷ್ಟು ಗ್ರೇನ್ (ಮದ್ದು, ಗುಂಡು ಅಳೆಯುವ ಸಣ್ಣ ಮಾನ) ಮದ್ದು ಹಾಕಬೇಕು? ಮಜಲ್‌ಲೋಡರ್, ಅಂದರೆ ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಕೋವಿ, ಕೊಂಡವರು ಮೊದಲು ಕೇಳುವ ಪ್ರಶ್ನೆ ಇದು. ಕೇಳಬೇಕಾದದ್ದೇ, ಆದರೆ ಕೊನೆಯಲ್ಲಿ. ಬೇಟೆಯಾಡುವ ರಾಜ್ಯದ ಕಾನೂನು ಯಾವ ಗುಂಡನ್ನು ಒಪ್ಪುತ್ತದೆ, ನಿಮ್ಮ ನಳಿಗೆಯೊಳಗಿನ ಗೀರುಗಳ ತಿರುವು ಯಾವ ಗುಂಡನ್ನು ನೇರವಾಗಿ ಕಳುಹಿಸುತ್ತದೆ, ಆ ಗುಂಡಿಗೆ ಯಾವ ಮದ್ದು ಒಗ್ಗುತ್ತದೆ ಎಂಬ ಮೂರು ವಿಷಯಗಳು ಮೊದಲು ಇತ್ಯರ್ಥವಾಗಬೇಕು. ಅಲ್ಲಿಗೆ ಬಂದ ಮೇಲೆ ಮದ್ದಿನ ಅಳತೆಯನ್ನು ಯಾರನ್ನೂ ಕೇಳಬೇಕಿಲ್ಲ. ಗುರಿಹಲಗೆಯ ಮೇಲಿನ ತೂತುಗಳೇ ಹೇಳುತ್ತವೆ.

ಈ ಬರಹದ ನೆಲ ಅಮೆರಿಕದ ಕೊಲರಾಡೋ. ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿರುವ ರಾಜ್ಯ ಅದು. ಸೆಪ್ಟೆಂಬರ್ ನಡುವಿನ ಒಂಬತ್ತು ದಿನ ಅಲ್ಲಿ ಮಜಲ್‌ಲೋಡರ್ ಋತು. ಎಲ್ಕ್‌ಗಳಿಗೆ ಅದು ಬೆದೆಯ ಕಾಲ. ಗಂಡುಗಳು ಬೆಳಗಿನ ಜಾವ ಕೊಳಲಿನಂಥ ಕೀರಲು ದನಿಯಲ್ಲಿ ಒಂದನ್ನೊಂದು ಕೆಣಕುತ್ತಿರುತ್ತವೆ. ದಟ್ಟ ಸ್ಪ್ರೂಸ್ ಕಾಡಿನಲ್ಲಿ ದನಿ ಹಿಡಿದು ಹೋದರೆ ಪ್ರಾಣಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂವತ್ತರಿಂದ ಎಂಬತ್ತು ಗಜದೊಳಗೆ. ಮುಂದೆ ಹೇಳುವ ಎಲ್ಲ ಆಯ್ಕೆಗಳಿಗೂ ಈ ದೂರವೇ ಬುನಾದಿ. ಬೆಳೆದ ಗಂಡು ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು 225 ಕಿಲೋ. ನಮ್ಮ ಕಡವೆಗಿಂತ ಸಾಮಾನ್ಯವಾಗಿ ದೊಡ್ಡ ಮೈಕಟ್ಟು.

ಮಲೆನಾಡಿನ ಅಥವಾ ಕೊಡಗಿನ ಮನೆಗಳಲ್ಲಿ ಕೇಪಿನ ಕೋವಿ ನೋಡಿದವರಿಗೆ ಮೂಲ ಕ್ರಮ ಹೊಸದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಗುಂಡಿಟ್ಟು, ಗಜದಕೋಲಿನಿಂದ ಗಟ್ಟಿಸಿ, ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಕೇಪು ಕೂರಿಸಿ, ಅದನ್ನು ಬಡಿಯುವ ಸುತ್ತಿಗೆಯನ್ನು, ಅಂದರೆ ಕುದುರೆಯನ್ನು, ಎಳೆಯುವುದು. ಆದರೆ ಆ ಕೋವಿಗಳ ನಳಿಗೆಯ ಒಳಗೆ ನುಣುಪು. ಇಲ್ಲಿಯ ನಳಿಗೆಗಳಲ್ಲಿ ತಿರುಚಿದ ಗೀರುಗಳಿವೆ, ಗುಂಡನ್ನು ಬುಗುರಿಯಂತೆ ತಿರುಗಿಸಿ ಹೊರಗಟ್ಟುತ್ತವೆ. ಆ ಒಂದು ವ್ಯತ್ಯಾಸದಿಂದ ಗುಂಡಿನ ಲೆಕ್ಕವೇ ಬೇರೆಯಾಗುತ್ತದೆ, ಹಾಗಾಗಿ ಅಜ್ಜನ ಕೋವಿಯ ಅನುಭವವನ್ನು ಇಲ್ಲಿಗೆ ಹೊತ್ತು ತರಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಇಂಥ ಬೇಟೆಗೆ ಅವಕಾಶವಿಲ್ಲ. ಇಲ್ಲಿ ಬರೆದಿರುವುದು ಪರವಾನಗಿ ಪಡೆದು ಅಮೆರಿಕದಲ್ಲಿ ಆಡುವ ಬೇಟೆಗೆ ಮಾತ್ರ.

ಕೊಳ್ಳುವ ಮೊದಲು ನಿಯಮ ಪುಸ್ತಕ

ಕೊಲರಾಡೋದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಬೇಟೆಯ ಕೈಪಿಡಿ ಹೊರತರುತ್ತದೆ. ಮಜಲ್‌ಲೋಡರ್ ಋತುವಿಗೆ ಅದರಲ್ಲಿರುವ ಮುಖ್ಯ ನಿಯಮಗಳು ಹೀಗಿವೆ. ಎಲ್ಕ್‌ಗೆ ನಳಿಗೆಯ ವ್ಯಾಸ ಕನಿಷ್ಠ .50 ಕ್ಯಾಲಿಬರ್, ಅಂದರೆ ಅರ್ಧ ಅಂಗುಲ, ಇರಬೇಕು. ಗುಂಡು ಒಂದೇ, ದುಂಡಗಿನದು ಅಥವಾ ಕೋನಿಕಲ್ (ಮೂತಿಯಿರುವ ಉದ್ದನೆಯ ಗುಂಡು). ಕೋನಿಕಲ್‌ನ ಉದ್ದ ಅದರ ವ್ಯಾಸದ ಎರಡರಷ್ಟನ್ನು ಮೀರಬಾರದು. ಸ್ಯಾಬೋ ಎಂಬ ಪ್ಲಾಸ್ಟಿಕ್ ಅಂಗಿ ತೊಡಿಸಿದ ಸಣ್ಣ ಗುಂಡುಗಳು ನಿಷಿದ್ಧ. ದುಂಡು ಗುಂಡಿಗೆ ಸುತ್ತುವ ಬಟ್ಟೆಯ ಚೂರು ಸ್ಯಾಬೋ ಅಲ್ಲ. ಅಚ್ಚೊತ್ತಿದ ಮಾತ್ರೆಯಂಥ ಪೆಲೆಟ್ ಮದ್ದು ನಿಷಿದ್ಧ, ಹೊಗೆರಹಿತ ಮದ್ದೂ ನಿಷಿದ್ಧ. ದೂರದರ್ಶಕವಿಲ್ಲದ ತೆರೆದ ಗುರಿಕಂಬಿಗಳಷ್ಟೇ ಸಲ್ಲುತ್ತವೆ.

ಪಕ್ಕದ ರಾಜ್ಯಗಳಲ್ಲಿಯೂ ಇದೇ ಇರುತ್ತದೆಂದು ಊಹಿಸಬೇಡಿ. ಐಡಹೋದ ಮಜಲ್‌ಲೋಡರ್ ಋತುವಿನಲ್ಲಿ ಕುದುರೆ ಹೊರಗೆ ಕಾಣುವಂತಿರಬೇಕು, ಕೊಲರಾಡೋದಲ್ಲಿ ಬಳಸಬಹುದಾದ 209 ಪ್ರೈಮರ್ (ಕೇಪಿನ ಬದಲು ಮದ್ದಿಗೆ ಕಿಡಿ ಕೊಡುವ ಪುಟ್ಟ ಸಿಡಿ) ಅಲ್ಲಿ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆಯಾ ವರ್ಷದ ಕೈಪಿಡಿಯನ್ನು ಓದಿಯೇ ಹಣ ಬಿಚ್ಚಿ.

ಕೊಲರಾಡೋದಲ್ಲಿ 1949ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರ ಕಡ್ಡಾಯ. ಎಚ್‌-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನು ಸಾಮಾನ್ಯವಾಗಿ ಅಡ್ಡ ಬರುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲೊಂದು ವಿನಾಯಿತಿ ಇದೆ. ವೀಸಾ ವಿಷಯವಾದ್ದರಿಂದ ಗೆಳೆಯರ ಮಾತು ನಂಬದೆ ವಕೀಲರನ್ನು ಕೇಳಿ.

ಗುಂಡು

ಕಣದಿಂದ ಸ್ಯಾಬೋ ಹೊರಬಿದ್ದ ಮೇಲೆ ಉಳಿಯುವುದು ಎರಡು: ಬಟ್ಟೆ ಸುತ್ತಿದ ದುಂಡು ಗುಂಡು ಮತ್ತು ನಳಿಗೆಯ ಪೂರ್ಣ ಅಗಲಕ್ಕಿರುವ ಕೋನಿಕಲ್.

ದುಂಡು ಗುಂಡನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಪಶ್ಚಿಮವನ್ನು ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ 1805-06ರ ಚಳಿಗಾಲವನ್ನು ಪೆಸಿಫಿಕ್ ಕರಾವಳಿಯ ಫೋರ್ಟ್ ಕ್ಲ್ಯಾಟ್ಸಪ್‌ನಲ್ಲಿ ಕಳೆದಾಗ ಅವರನ್ನು ಬದುಕಿಸಿದ್ದು ಎಲ್ಕ್ ಮಾಂಸ. 131 ಎಲ್ಕ್‌ಗಳ ಲೆಕ್ಕ ಅವರ ದಿನಚರಿಯಲ್ಲಿದೆ. ಅವರ ಕೈಯಲ್ಲಿದ್ದದ್ದು ಕಲ್ಲುಕಿಡಿಯ ಕೋವಿಗಳು. ಆದರೆ ಅವರಿಗೆ ದಿನಗಟ್ಟಲೆ ಬೆನ್ನಟ್ಟುವ ಪುರುಸೊತ್ತಿತ್ತು, ಗಾಯಗೊಂಡು ತಪ್ಪಿಸಿಕೊಂಡವುಗಳ ಲೆಕ್ಕ ಕೇಳುವವರಿರಲಿಲ್ಲ.

ಲೆಕ್ಕ ನೋಡೋಣ. .50 ನಳಿಗೆಗೆ ಹೊಂದುವ .490 ಅಂಗುಲದ ದುಂಡು ಗುಂಡಿನ ತೂಕ ಸುಮಾರು 177 ಗ್ರೇನ್. ಒಂದು ಗ್ರಾಂ ಎಂದರೆ 15.4 ಗ್ರೇನ್, ಹಾಗಾಗಿ ಇದು ಹನ್ನೊಂದೂವರೆ ಗ್ರಾಂ. ಅದು ಸೆಕೆಂಡಿಗೆ 1,900 ಅಡಿ ವೇಗದಲ್ಲಿ ಹೊರಟರೆ ಬಾಯಲ್ಲಿ ಶಕ್ತಿ ಸುಮಾರು 1,400 ಅಡಿ-ಪೌಂಡ್. ಕೇಳಲು ಚೆನ್ನಾಗಿದೆ. ಆದರೆ ಗೋಲಾಕಾರ ಗಾಳಿಯನ್ನು ಸೀಳುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ. ನೂರು ಗಜ ಮುಟ್ಟುವಷ್ಟರಲ್ಲಿ ವೇಗ 1,100ರ ಆಸುಪಾಸಿಗೆ, ಶಕ್ತಿ 475ರ ಆಸುಪಾಸಿಗೆ ಕುಸಿದಿರುತ್ತದೆ. ಇನ್ನೊಂದೆಡೆ 385 ಗ್ರೇನ್ ಕೋನಿಕಲ್ 1,400 ಅಡಿ ವೇಗದಲ್ಲಿ ನಿಧಾನವಾಗಿಯೇ ಹೊರಡುತ್ತದೆ, ಸುಮಾರು 1,675 ಅಡಿ-ಪೌಂಡ್. ನೂರು ಗಜದಲ್ಲಿ ಅದರ ಬಳಿ ಇನ್ನೂ 1,100ಕ್ಕೂ ಹೆಚ್ಚು ಉಳಿದಿರುತ್ತದೆ. ಅಂದರೆ ಅದೇ ದೂರದಲ್ಲಿ ದುಂಡು ಗುಂಡಿನ ಎರಡು ಪಟ್ಟಿಗೂ ಮಿಕ್ಕಿ.

ಶಕ್ತಿಯ ಅಂಕಿಗಿಂತ ನನಗೆ ಮುಖ್ಯವಾಗಿ ಕಾಣುವುದು ಗುಂಡು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು. ಎಲ್ಕ್‌ನ ಪಕ್ಕೆಲುಬು ದಪ್ಪ, ಭುಜದ ಮೂಳೆ ಇನ್ನೂ ದಪ್ಪ, ತೊಗಲು ದಪ್ಪ. ಹೊಕ್ಕ ಗುಂಡು ಆಚೆ ಬದಿಯಿಂದ ಹೊರಬಂದರೆ ಎರಡು ತೂತುಗಳಿಂದ ನೆತ್ತರು ಚೆಲ್ಲುತ್ತದೆ, ಜಾಡು ಸಿಗುತ್ತದೆ. ಒಳಗೇ ನಿಂತರೆ ಮೇಲಿನ ಒಂದೇ ತೂತನ್ನು ಕೊಬ್ಬು, ಕೂದಲು ಮುಚ್ಚಿಬಿಡಬಹುದು. ಕತ್ತಲ ಕಾಡಿನಲ್ಲಿ ಮುನ್ನೂರು ಕಿಲೋ ಪ್ರಾಣಿಯನ್ನು ಕಳೆದುಕೊಳ್ಳುವುದು ಹೀಗೆಯೇ. ಭಾರದ, ಮೆತ್ತನೆಯ, ಮೊಂಡುಮೂತಿಯ ಸೀಸ ನಿಧಾನವಾಗಿ ಹೋದರೂ ನಿಲ್ಲದೆ ಹೋಗುತ್ತದೆ. ಹಗುರವಾದ ಟೊಳ್ಳುಮೂತಿ ಗುಂಡುಗಳನ್ನು ಜಿಂಕೆಗೆ ಇಟ್ಟುಕೊಳ್ಳಿ. ಹೊಕ್ಕ ಕೂಡಲೇ ಅರಳಿಬಿಡುವ ಅವು ಎಲ್ಕ್‌ನ ಭುಜಕ್ಕೆ ಬಡಿದಾಗ ಎಲ್ಲಿ ನಿಲ್ಲುತ್ತವೆಂದು ಹೇಳಲಾಗದು.

ಹಾಗಾಗಿ .50 ಕೋವಿಗೆ ನನ್ನ ಸಲಹೆ 350ರಿಂದ 460 ಗ್ರೇನ್ ತೂಕದ, ಪೂರ್ಣ ಅಗಲದ ಸೀಸದ ಕೋನಿಕಲ್. ಹಾರ್ನಡಿ ಕಂಪನಿಯ ಗ್ರೇಟ್ ಪ್ಲೇನ್ಸ್ 385 ಗ್ರೇನ್ ಈ ವರ್ಗದ ಹಳೆಯ ಪರಿಚಿತ ಮಾದರಿ. ಕೊಲರಾಡೋದ ಉದ್ದದ ನಿಯಮದಂತೆ .50 ಗುಂಡು ಒಂದು ಅಂಗುಲ ಮೀರಬಾರದಾದ್ದರಿಂದ ತೂಕಕ್ಕೂ ಅಲ್ಲಿಗೇ ಮಿತಿ ಬೀಳುತ್ತದೆ. ಸುಮಾರು 500 ಗ್ರೇನ್‌ಗಿಂತ ಹೆಚ್ಚು ಸೀಸ ಆ ಆಕಾರದಲ್ಲಿ ಹಿಡಿಸುವುದು ಕಷ್ಟ. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಹೆಚ್ಚು ಉದ್ದ ಬೇಕು. ತಾಮ್ರದ ಗುಂಡು ಬಯಸುವವರು ಕೊಳ್ಳುವ ಮೊದಲು ಕ್ಯಾಲಿಪರ್ ಹಿಡಿದು ಅಳೆಯಲಿ.

ದುಂಡು ಗುಂಡೇ ಬೇಕೆನ್ನುವ ಸಂಪ್ರದಾಯವಾದಿಗಳು .50 ಬಿಟ್ಟು .54ಕ್ಕೆ ಹೋಗಲಿ. ವ್ಯಾಸ ಸ್ವಲ್ಪವೇ ಹೆಚ್ಚಿದರೂ ಗೋಲದ ತೂಕ ಅದರ ಘನದಷ್ಟು ಏರುತ್ತದೆ: .530 ಗುಂಡು ಸುಮಾರು 224 ಗ್ರೇನ್, .58 ಕೋವಿಗೆ ಹಾಕುವ .570 ಗುಂಡು ಸುಮಾರು 279. ಸೇಂಟ್ ಲೂಯಿಸ್‌ನ ಕೋವಿ ತಯಾರಕರಾದ ಹಾಕನ್ ಸೋದರರು ರಾಕಿ ಪರ್ವತದ ಬೇಟೆಗಾರರಿಗೆ ದಪ್ಪ ನಳಿಗೆ ಮಾಡಿಕೊಟ್ಟಿದ್ದರ ಹಿಂದೆ ಇದೇ ಲೆಕ್ಕ. .54 ಹಿಡಿದವರು ಎಪ್ಪತ್ತೈದು ಗಜದೊಳಗೆ, ಪ್ರಾಣಿ ಪೂರ್ತಿ ಪಕ್ಕಕ್ಕೆ ತಿರುಗಿದ್ದಾಗ ಮಾತ್ರ ಹೊಡೆಯಬೇಕು.

ಸೀಸದ ಮೆತುವು ಸಣ್ಣ ವಿಷಯವಲ್ಲ. ಪೂರ್ಣ ಅಗಲದ ಕೋನಿಕಲ್‌ಗೆ ಸ್ಯಾಬೋದ ಆಸರೆ ಇಲ್ಲ. ಮದ್ದು ಸಿಡಿದ ಕ್ಷಣ ಅದರ ತಳ ಒತ್ತಡಕ್ಕೆ ಉಬ್ಬಿ ನಳಿಗೆಯ ಗೀರುಗಳಿಗೆ ಕಚ್ಚಿಕೊಳ್ಳಬೇಕು, ಆಗಲೇ ಅನಿಲ ಪಕ್ಕದಿಂದ ನುಸುಳದೆ ಗುಂಡು ತಿರುಗುತ್ತದೆ. ಶುದ್ಧ ಸೀಸ ಹಾಗೆ ಉಬ್ಬುತ್ತದೆ. ಹಳೆಯ ಕಾರಿನ ಚಕ್ರದ ತೂಕದ ಬಿಲ್ಲೆಗಳಿಂದ ಎರಕ ಹೊಯ್ದ ಗಡಸು ಸೀಸ ಉಬ್ಬುವುದಿಲ್ಲ. ಪರೀಕ್ಷೆ ಸುಲಭ. ಹೆಬ್ಬೆರಳಿನ ಉಗುರಿನಿಂದ ಗುಂಡಿನ ಪಕ್ಕವನ್ನು ಒತ್ತಿ ಗೀರಿ. ಶುದ್ಧ ಸೀಸವಾದರೆ ಹೊಳೆಯುವ ಗೆರೆಯೊಂದು ಸ್ಪಷ್ಟವಾಗಿ ಮೂಡುತ್ತದೆ, ಗಡಸಾದರೆ ಉಗುರು ಜಾರಿಹೋಗುತ್ತದೆ. ಪರೀಕ್ಷೆ ಮುಗಿದ ಕೂಡಲೇ ಕೈ ತೊಳೆಯಿರಿ, ಸೀಸ ವಿಷ. ಮಾಂಸ ಕೊಯ್ಯುವಾಗಲೂ ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ.

ನಳಿಗೆಯ ತಿರುವು

ಗುಂಡು ಉದ್ದವಾದಷ್ಟೂ ವೇಗವಾಗಿ ಬುಗುರಿಯಾಡಬೇಕು. 28 ಅಂಗುಲಕ್ಕೆ ಒಂದು ಸುತ್ತು ತಿರುಗುವ ನಳಿಗೆ, ಇಂದಿನ ಇನ್‌ಲೈನ್ ಕೋವಿಗಳಲ್ಲಿ (ಪ್ರೈಮರ್ ನಳಿಗೆಯ ನೇರ ಹಿಂದೆ ಕೂರುವಂಥವು) ಸಾಮಾನ್ಯವಾದದ್ದು, ಕೋನಿಕಲ್‌ಗೆ ಹೇಳಿ ಮಾಡಿಸಿದ್ದು. 60 ಅಥವಾ 66 ಅಂಗುಲಕ್ಕೊಂದು ಸುತ್ತಿನದು ದುಂಡು ಗುಂಡಿಗೆ. 48 ಅಂಗುಲದ್ದು ನಡುವಿನ ರಾಜಿ. ಗಿಡ್ಡ ಕೋನಿಕಲ್ ಹಾರಿಸಬಹುದು, ಉದ್ದದ್ದನ್ನು ಕೊಟ್ಟರೆ ಕಾಗದದ ಮೇಲೆ ದುಂಡು ತೂತಿನ ಬದಲು ಬಾದಾಮಿ ಆಕಾರದ ತೂತು ಕಾಣುತ್ತದೆ. ಗುಂಡು ಅಡ್ಡ ಹೊಡೆಯುತ್ತಿದೆ ಎಂದರ್ಥ.

ನಳಿಗೆಯ ಮೇಲೆ ಅಂಕಿ ಕೆತ್ತಿಲ್ಲದ ಹಳೆಯ ಕೋವಿಯಾದರೆ ನೀವೇ ಅಳೆಯಬಹುದು. ಕೋವಿ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ಹಿಡಿ ಹಿಡಿದಿದ್ದರೂ ತಾನಾಗಿ ತಿರುಗುವ ಶುಚಿಕೋಲಿನ ತುದಿಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ. ನಳಿಗೆಯ ಬಾಯಿಯ ಬಳಿ ಕೋಲಿನ ಮೇಲ್ಬದಿಗೆ ಒಂದು ಗುರುತು ಹಾಕಿ. ನಿಧಾನವಾಗಿ ಹೊರಗೆಳೆಯುತ್ತ ಆ ಗುರುತು ಕಾಲು ಸುತ್ತು ತಿರುಗಿದಾಗ ಕೋಲು ಎಷ್ಟು ಅಂಗುಲ ಹೊರಬಂತೆಂದು ನೋಡಿ ನಾಲ್ಕರಿಂದ ಗುಣಿಸಿ.

ಮದ್ದು

ನಿಜವಾದ ಕಪ್ಪು ಮದ್ದು ನೂರಾರು ವರ್ಷಗಳಿಂದ ಅದೇ: ಸರಿಸುಮಾರು ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಬೇಗ ಹೊತ್ತಿಕೊಳ್ಳುವುದು ಅದರ ದೊಡ್ಡ ಗುಣ, ಅದೇ ಅಪಾಯವೂ ಹೌದು. ಕಲ್ಲುಕಿಡಿಯ ಕೋವಿಯವರಿಗೆ ಬೇರೆ ದಾರಿಯೇ ಇಲ್ಲ. ಕಪ್ಪು ಮದ್ದಿನ ಜಾಗದಲ್ಲಿ ಬಳಸುವ ಬದಲಿ ಮದ್ದುಗಳನ್ನು ಆ ಬಡ ಕಿಡಿ ನಂಬಿಕೆಯಿಂದ ಹೊತ್ತಿಸದು. ಕಾಳಿನ ಗಾತ್ರವನ್ನು ಎಫ್ ಅಕ್ಷರಗಳಿಂದ ಗುರುತಿಸುತ್ತಾರೆ. ಎರಡು ಎಫ್‌ನ ದಪ್ಪ ಕಾಳು ನಿಧಾನವಾಗಿ ಉರಿಯುತ್ತದೆ, .50 ಮತ್ತು ಮೇಲಿನ ಕೋವಿಗಳಲ್ಲಿ ಭಾರದ ಕೋನಿಕಲ್‌ಗೆ ಅದೇ ಸರಿ. ಮೂರು ಎಫ್‌ನದು ಚುರುಕು, ಅದೇ ಅಳತೆಗೆ ಒತ್ತಡ ಹೆಚ್ಚು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಗೆಯೇ ಬಳಸಬೇಡಿ.

ಬದಲಿ ಮದ್ದುಗಳಲ್ಲಿ ಹಳೆಯದು ಪೈರೋಡೆಕ್ಸ್. ಕಪ್ಪು ಮದ್ದಿಗಿಂತ ತಡವಾಗಿ ಹೊತ್ತಿಕೊಳ್ಳುವುದರಿಂದ ಅಂಗಡಿಗಳಲ್ಲಿ ಇಟ್ಟು ಮಾರುವುದು ಸುಲಭವಾಯಿತು. ಸುರಕ್ಷಿತ ಎಂಬ ಮಾತಿಗೂ ಮಿತಿಯಿದೆ: ಅದನ್ನು ರೂಪಿಸಿದ ಡ್ಯಾನ್ ಪಾವ್ಲಾಕ್ 1977ರ ಜನವರಿಯಲ್ಲಿ ತನ್ನ ಕಾರ್ಖಾನೆಯ ಸ್ಫೋಟದಲ್ಲೇ ತೀರಿಕೊಂಡ. ಟ್ರಿಪಲ್ ಸೆವೆನ್‌ನಲ್ಲಿ ಗಂಧಕವಿಲ್ಲ, ಕೊಳೆತ ಮೊಟ್ಟೆಯ ವಾಸನೆಯೂ ಇಲ್ಲ, ನೀರಿನಲ್ಲೇ ತೊಳೆದುಹೋಗುತ್ತದೆ. ಆದರೆ ಅದೇ ಅಳತೆಯ ಕಪ್ಪು ಮದ್ದಿಗಿಂತ ಸುಮಾರು ನೂರಕ್ಕೆ ಹದಿನೈದರಷ್ಟು ಬಲಶಾಲಿ, ಹಾಗಾಗಿ ಅಳತೆಯನ್ನು ಅಷ್ಟು ಇಳಿಸಬೇಕು. ಕೆಲವು ಕೋವಿಗಳಲ್ಲಿ ಅದು ಗುಂಡು ಕೂರುವ ಜಾಗದ ಸುತ್ತ ಗಟ್ಟಿ ಉಂಗುರದಂತೆ ಕಿಟ್ಟ ಕಟ್ಟುತ್ತದೆ. ಪ್ರತಿ ಈಡಿನ ನಡುವೆ ಒದ್ದೆ ಬಟ್ಟೆ ಎಳೆಯದಿದ್ದರೆ ಎರಡನೆಯ ಗುಂಡು ಆ ಉಂಗುರದ ಬಳಿಯೇ ನಿಂತು ಗೋಳು ಹೊಯ್ದುಕೊಳ್ಳುತ್ತದೆ.

ಬ್ಲ್ಯಾಕ್‌ಹಾರ್ನ್ 209 ಬೇರೆಯೇ ಜಾತಿ. ಕಿಟ್ಟ ಅತಿ ಕಡಿಮೆ, ತೇವ ಹೀರುವುದಿಲ್ಲ, ಈಡಿನಿಂದ ಈಡಿಗೆ ವೇಗ ಏರುಪೇರಾಗುವುದಿಲ್ಲ. ಬದಲಿಗೆ ಬಿಸಿಯಾದ 209 ಪ್ರೈಮರ್ ಮತ್ತು ಅನಿಲ ಸೋರದ ಹಿಂಬಿರಡೆ (ನಳಿಗೆಯ ಹಿಂತುದಿಯನ್ನು ಮುಚ್ಚುವ ತಿರುಪು) ಇರುವ ಇನ್‌ಲೈನ್ ಕೋವಿಯನ್ನೇ ಬೇಡುತ್ತದೆ. ಗುಂಡೂ ನಳಿಗೆಯಲ್ಲಿ ಬಿಗಿಯಾಗಿ ಕೂರಬೇಕು; ಸಡಿಲ ಕೋನಿಕಲ್ ಜತೆ ಅದು ಸರಿಯಾಗಿ ಹೊತ್ತಿಕೊಳ್ಳದೆ ತಡವಾಗಿ ಸಿಡಿಯುವುದುಂಟು. ಕೇಪಿನ ಕೋವಿಯವರು ಅದರ ಆಸೆ ಬಿಡುವುದೇ ಒಳ್ಳೆಯದು.

ನನ್ನ ಒಲವು ಹೇಳುವುದಾದರೆ, ಸೆಪ್ಟೆಂಬರ್‌ನ ಮಧ್ಯಾಹ್ನದ ಗುಡುಗುಮಳೆಗೆ ಇನ್‌ಲೈನ್ ಕೋವಿ ಹಿಡಿದವರಿಗೆ ಬ್ಲ್ಯಾಕ್‌ಹಾರ್ನ್, ಕುದುರೆ ಹೊರಗಿರುವ ಸಾಂಪ್ರದಾಯಿಕ ಕೋವಿಗೆ ಎರಡು ಎಫ್‌ನ ನಿಜವಾದ ಕಪ್ಪು ಮದ್ದು. ಇನ್ನೊಂದು ಲೌಕಿಕ ಕಾರಣವೂ ಆಯ್ಕೆಯನ್ನು ತೀರ್ಮಾನಿಸಬಹುದು. ಕಪ್ಪು ಮದ್ದು, ಬದಲಿ ಮದ್ದು, ಕೇಪು, ಪ್ರೈಮರ್ ಯಾವುದನ್ನೂ ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಸರಕಿನಲ್ಲೂ ಇಲ್ಲ. ಟೆಕ್ಸಸ್‌ನಿಂದಲೋ ನ್ಯೂಜೆರ್ಸಿಯಿಂದಲೋ ಹಾರಿ ಬರುವವರು ಡೆನ್ವರ್ ಸುತ್ತಮುತ್ತ ಸಿಗುವ ಮದ್ದನ್ನು ಮೊದಲೇ ವಿಚಾರಿಸಿಕೊಂಡು, ಅದರಿಂದಲೇ ಊರಿನಲ್ಲಿ ಅಭ್ಯಾಸ ಮಾಡಬೇಕು.

ಹೊಗೆರಹಿತ ಮದ್ದಿನ ಬಗ್ಗೆ ಒಂದೇ ಮಾತು. ಆಧುನಿಕ ಕಾರ್ಟ್ರಿಜ್‌ಗಳಲ್ಲಿರುವ ಆ ಮದ್ದನ್ನು ಚಿಟಿಕೆಯಷ್ಟೂ ಈ ಕೋವಿಗಳಿಗೆ ಸುರಿಯಬಾರದು. ನಳಿಗೆ ಸೀಳಿ ಬೆರಳು, ಕಣ್ಣು ಹೋಗುತ್ತವೆ.

ತಕ್ಕಡಿಯಲ್ಲ, ಅಳತೆಪಾತ್ರೆ

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ವಿಷಯ ಇದು, ನಿಧಾನವಾಗಿ ಓದಿ. ಮಜಲ್‌ಲೋಡರ್‌ನ ಮದ್ದನ್ನು ಗ್ರೇನ್‌ಗಳಲ್ಲಿ ಹೇಳಿದರೂ ಅದು ತೂಕವಲ್ಲ, ಗಾತ್ರ. ನೂರು ಗ್ರೇನ್ ತೂಕದ ಕಪ್ಪು ಮದ್ದು ಎಷ್ಟು ಜಾಗ ತುಂಬುತ್ತದೋ ಅಷ್ಟು ಜಾಗವೇ ‘ನೂರು ಗ್ರೇನ್’ ಅಳತೆ. ಬದಲಿ ಮದ್ದುಗಳು ಹಗುರ. ಬ್ಲ್ಯಾಕ್‌ಹಾರ್ನ್ 209ನ ನೂರು ಗ್ರೇನ್ ಅಳತೆ ತಕ್ಕಡಿಯಲ್ಲಿ ಸುಮಾರು 70 ಗ್ರೇನ್ ಮಾತ್ರ ತೂಗುತ್ತದೆ. ಯಾರಾದರೂ ಅದನ್ನೇ ತಕ್ಕಡಿಗೆ ಹಾಕಿ ನೂರು ತೂಗಿಸಿ ಸುರಿದರೆ ಕೋವಿಗೆ ಬಿದ್ದದ್ದು 140ಕ್ಕೂ ಮಿಕ್ಕಿದ ಅಳತೆ. ತಯಾರಕರು ಹಾಕಿರುವ ಗರಿಷ್ಠ ಮಿತಿಯೇ 120. ಹಿತ್ತಾಳೆಯ ಅಳತೆಪಾತ್ರೆಯೊಂದನ್ನು ಕೊಂಡು ಅದನ್ನೇ ಬಳಸಿ. ತೂಕದಲ್ಲೇ ಕೆಲಸ ಮಾಡುವ ಹಟವಿದ್ದವರು ಆ ನಿರ್ದಿಷ್ಟ ಮದ್ದಿಗೆ ತಯಾರಕರು ಕೊಟ್ಟ ಪರಿವರ್ತನೆ ನೋಡಿಕೊಂಡು ಮುಂದುವರಿಯಲಿ.

ಗುರಿಹಲಗೆಯ ಮುಂದೆ

ಒಂದು ಉದಾಹರಣೆ ಹಿಡಿದು ಹೋಗೋಣ: .50 ಇನ್‌ಲೈನ್, 28 ಅಂಗುಲದ ತಿರುವು, 385 ಗ್ರೇನ್ ಕೋನಿಕಲ್, ಎರಡು ಎಫ್ ಕಪ್ಪು ಮದ್ದು. ಮೊದಲು ಕೋವಿಯ ಕೈಪಿಡಿಯಲ್ಲಿ ಆ ತೂಕದ ಗುಂಡಿಗೆ ಕೊಟ್ಟಿರುವ ಗರಿಷ್ಠ ಮದ್ದಿನ ಅಳತೆ ನೋಡಿ. ಅದನ್ನು ಯಾವ ಕಾರಣಕ್ಕೂ ದಾಟುವಂತಿಲ್ಲ.

ನಳಿಗೆಯಲ್ಲಿರುವ ಎಣ್ಣೆಯನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಖಾಲಿ ಕೋವಿಯಲ್ಲಿ ಒಂದೆರಡು ಪ್ರೈಮರ್ ಸಿಡಿಸಿ ಕಿಡಿಯ ದಾರಿ ಒಣಗಿಸಿ. ಮದ್ದಿನ ಡಬ್ಬಿಯನ್ನು ದೂರ, ಮುಚ್ಚಳ ಹಾಕಿ ಇಡಿ. ಡಬ್ಬಿಯಿಂದ ಅಥವಾ ಫ್ಲಾಸ್ಕ್‌ನಿಂದ ನೇರ ನಳಿಗೆಗೆ ಸುರಿಯುವುದು ಮಹಾಪರಾಧ. ಒಳಗೊಂದು ಕೆಂಡದ ಕಣ ಉಳಿದಿದ್ದರೆ ಇಡೀ ಡಬ್ಬಿ ಕೈಯಲ್ಲಿ ಸಿಡಿಯುತ್ತದೆ. ಅಳತೆಪಾತ್ರೆ ತುಂಬಿ, ಅಂಚಿಗೆ ಬೆರಳಿನಿಂದ ಮೆಲ್ಲನೆ ತಟ್ಟಿ, ಮೇಲ್ಮೈ ಸಮ ಮಾಡಿ, ಪ್ರತಿ ಸಲವೂ ಒಂದೇ ರೀತಿ. 80 ಗ್ರೇನ್‌ನಿಂದ ಶುರು. ಮುಖವನ್ನು ನಳಿಗೆಯ ಬಾಯಿಯಿಂದ ಪಕ್ಕಕ್ಕಿಟ್ಟು ಸುರಿದು, ನಳಿಗೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ ಮದ್ದು ಕೆಳಗಿಳಿಯುವಂತೆ ಮಾಡಿ. ಗುಂಡನ್ನು ನೇರವಾಗಿ ಕೂರಿಸಿ, ಗಜದಕೋಲನ್ನು ಗಿಡ್ಡ ಹಿಡಿತದಲ್ಲಿ ಹಿಡಿದು ಒಂದೇ ಸಮನೆ ತಳ್ಳಿ. ಮದ್ದನ್ನು ಮುಟ್ಟಿದಾಗ ಕೈಗೆ ಗಟ್ಟಿ ತಡೆ ಸಿಗುತ್ತದೆ. ಅಲ್ಲಿಗೆ ಬಿಡಿ, ಒನಕೆಯಲ್ಲಿ ಕುಟ್ಟಿದಂತೆ ಬಡಿಯಬೇಡಿ.

ಈಗ ಗಜದಕೋಲು ಒಳಗಿರುವಂತೆಯೇ ನಳಿಗೆಯ ಬಾಯಿಯ ಮಟ್ಟಕ್ಕೆ ಅದರ ಮೇಲೊಂದು ಗೆರೆ ಎಳೆಯಿರಿ. ಖಾಲಿ ಕೋವಿಯಲ್ಲೂ ಇನ್ನೊಂದು ಗೆರೆ ಇರಲಿ. ಈ ಎರಡು ಗೆರೆಗಳಷ್ಟು ಉಪಕಾರಿಯಾದ ಉಪಕರಣ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಗುಂಡಿಗೂ ಮದ್ದಿಗೂ ನಡುವೆ ಬೆರಳಗಲ ಖಾಲಿ ಜಾಗ ಉಳಿದರೂ ನಳಿಗೆ ಉಬ್ಬಬಹುದು, ಸೀಳಬಹುದು. ಗೆರೆ ಬಾಯಿಗಿಂತ ಮೇಲಿದ್ದರೆ ಗುಂಡು ಪೂರ್ತಿ ಇಳಿದಿಲ್ಲ. ಮದ್ದಿನ ಅಳತೆ ಬದಲಾದಾಗ ಗೆರೆಯನ್ನೂ ಬದಲಿಸಿ.

ಐವತ್ತು ಗಜದಲ್ಲಿ ಒರಗುದಿಂಬಿನ ಮೇಲೆ ಕೋವಿಯಿಟ್ಟು ಮೂರು ಈಡು. ಪ್ರತಿ ಈಡಿನ ನಂತರ ಉಗುಳಿನಷ್ಟು ತೇವದ ಬಟ್ಟೆ ಒಂದು ಸಲ ಒಳಗೆ ಹೊರಗೆ, ತಿರುವಿ ಇನ್ನೊಂದು ಸಲ, ಆಮೇಲೆ ಒಣ ಬಟ್ಟೆ. ನಂತರ 85, 90, 95, ಮಿತಿ ಒಪ್ಪಿದರೆ 100. ಪ್ರತಿ ಅಳತೆಗೂ ಹೊಸ ಕಾಗದ, ಮೂಲೆಯಲ್ಲಿ ಅಳತೆ ಬರೆದಿರಲಿ. ಕಾಗದಗಳನ್ನು ಸಾಲಾಗಿ ಹರಡಿದರೆ ಉತ್ತರ ಎದುರಿಗಿರುತ್ತದೆ: ಯಾವುದೋ ಒಂದು ಅಳತೆಯಲ್ಲಿ ತೂತುಗಳು ಒತ್ತೊತ್ತಾಗಿರುತ್ತವೆ, ಅದರ ಮೇಲಕ್ಕೆ ಹೋದಂತೆ ಚದುರಲು ಶುರುವಾಗುತ್ತವೆ. ಒತ್ತೊತ್ತಾಗಿರುವ ಅಳತೆಯೇ ನಿಮ್ಮದು. ಭಾರದ ಕೋನಿಕಲ್‌ಗೆ ಅದು ಬಹಳ ಸಲ 80ರಿಂದ 95ರ ನಡುವೆ ಸಿಗುತ್ತದೆ.

ಇಲ್ಲಿ ಹಲವರಿಗೆ ಸಮಾಧಾನವಿರುವುದಿಲ್ಲ, ಇನ್ನಷ್ಟು ತುಂಬುವ ಚಪಲ. ಹೆಚ್ಚುವರಿ ಮದ್ದಿನ ಒಂದು ಭಾಗ ನಳಿಗೆಯೊಳಗೆ ಉರಿದು ಮುಗಿಯುವುದೇ ಇಲ್ಲ, ಬಾಯಿಂದಾಚೆ ಬೆಂಕಿಯಾಗಿ ಹೋಗುತ್ತದೆ. ಸಿಕ್ಕ ಅಷ್ಟಿಷ್ಟು ವೇಗದಲ್ಲೂ ಒಳ್ಳೆಯ ಪಾಲನ್ನು ನೂರು ಗಜದೊಳಗೆ ಗಾಳಿ ಕಿತ್ತುಕೊಳ್ಳುತ್ತದೆ. ಭುಜಕ್ಕೆ ಮಾತ್ರ ಪೂರ್ತಿ ಪೆಟ್ಟು. ಪೆಟ್ಟಿಗೆ ಹೆದರಿ ಟ್ರಿಗರ್ ಎಳೆಯುವ ಮುನ್ನ ಕಣ್ಣು ಮುಚ್ಚುವ ಅಭ್ಯಾಸ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಗುಂಪು ಇನ್ನೂ ಚದುರಿಯೇ ಇದ್ದರೆ ಮದ್ದು ಬದಲಿಸುವ ಮೊದಲು ಗುಂಡು ಬದಲಿಸಿ ನೋಡಿ. ಕಪ್ಪು ಮದ್ದು ಬಳಸುವವರು ಗುಂಡಿನ ತಳಕ್ಕೆ ಜೇನುಮೇಣ ಸವರಿದ ಉಣ್ಣೆಯ ಬಿಲ್ಲೆ ಇಟ್ಟು ನೋಡಬಹುದು, ಅನಿಲ ಸೋರುವುದನ್ನು ತಡೆಯುತ್ತದೆ. ಟ್ರಿಪಲ್ ಸೆವೆನ್‌ನಂಥ ಮದ್ದುಗಳಿಗೆ ತಯಾರಕರ ಸೂಚನೆ ಓದದೆ ನಡುವೆ ಏನನ್ನೂ ಇಡಬೇಡಿ. ಗುಂಡಿಗೆ ಸವರುವುದು ಜೇನುಮೇಣ, ಕೊಬ್ಬಿನ ಮಿಶ್ರಣವಾಗಿರಲಿ. ಪೆಟ್ರೋಲಿಯಂ ಗ್ರೀಸ್ ಕಪ್ಪು ಮದ್ದಿನ ಕಿಟ್ಟದ ಜತೆ ಸೇರಿ ಡಾಂಬರಾಗುತ್ತದೆ.

ಅಳತೆ ನಿಂತ ಮೇಲೆ ನೂರು ಗಜಕ್ಕೆ ಗುರಿ ಹೊಂದಿಸಿ. 1,400 ಅಡಿ ವೇಗದ 385 ಗ್ರೇನ್ ಗುಂಡನ್ನು ನೂರಕ್ಕೆ ಹೊಂದಿಸಿದರೆ ಐವತ್ತು ಗಜದಲ್ಲಿ ಅದು ಸುಮಾರು ಎರಡೂವರೆ ಅಂಗುಲ ಮೇಲೆ ಬೀಳುತ್ತದೆ. ಎಲ್ಕ್‌ನ ಎದೆಗೂಡಿಗೆ ಅದು ಲೆಕ್ಕಕ್ಕಿಲ್ಲ. ನೂರೈವತ್ತಕ್ಕೆ ಸುಮಾರು ಹತ್ತು ಅಂಗುಲ ಕೆಳಗೆ. ತೆರೆದ ಗುರಿಕಂಬಿಯಲ್ಲಿ, ಏದುಸಿರಿನಲ್ಲಿ, ಹತ್ತು ಸಾವಿರ ಅಡಿ ಎತ್ತರದಲ್ಲಿ ಆ ಹತ್ತು ಅಂಗುಲವನ್ನು ಅಂದಾಜಿನಲ್ಲಿ ಸರಿದೂಗಿಸುತ್ತೇನೆ ಎನ್ನುವವರ ಜತೆ ನಾನು ವಾದಿಸುವುದಿಲ್ಲ, ಬೇಟೆಗೂ ಹೋಗುವುದಿಲ್ಲ. ನೂರು ಗಜವೇ ಮಿತಿ. ಮೊಣಕಾಲೂರಿ ಊಟದ ತಟ್ಟೆಯಗಲದ ಗುರಿಗೆ ಮೂರಕ್ಕೆ ಮೂರೂ ಬೀಳುವ ದೂರ ಅದಕ್ಕಿಂತ ಕಡಿಮೆಯಿದ್ದರೆ ಅದೇ ನಿಮ್ಮ ಮಿತಿ.

ಇನ್ನೊಂದು ಪರೀಕ್ಷೆ ಬಾಕಿ. ಶುಚಿಯಾದ ತಣ್ಣನೆಯ ನಳಿಗೆಯಿಂದ ಹೊರಡುವ ಮೊದಲ ಗುಂಡು ಉಳಿದವುಗಳ ಜತೆ ಬೀಳದೆ ಬೇರೆಡೆ ಬೀಳಬಹುದು, ಬೇಟೆಯಲ್ಲಿ ಸಿಗುವುದು ಆ ಮೊದಲ ಗುಂಡೇ. ಬೇರೆ ಬೇರೆ ದಿನ ಒಂದೊಂದೇ ಮೊದಲ ಈಡು ಹೊಡೆದು ಅವು ಎಲ್ಲಿ ಬೀಳುತ್ತವೆಂದು ತಿಳಿದುಕೊಳ್ಳಿ.

ಟ್ರಿಗರ್ ಎಳೆದಾಗ ಪ್ರೈಮರ್ ಸಿಡಿದು ಮದ್ದು ಹೊತ್ತದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಪೂರಾ ಒಂದು ನಿಮಿಷ ಕಾಯಿರಿ. ತಡವಾಗಿ ಸಿಡಿಯುವ ಸಾಧ್ಯತೆ ಇದ್ದೇ ಇರುತ್ತದೆ.

ಕಾಡಿನಲ್ಲಿ

ಪೂರ್ಣ ಅಗಲದ ಕೋನಿಕಲ್‌ಗಳಿಗೊಂದು ಕೆಟ್ಟ ಚಾಳಿಯಿದೆ. ಕೋವಿಯನ್ನು ಬಾಯಿ ಕೆಳಗಾಗಿ ತೂಗುಹಾಕಿ ನಡೆದರೆ, ಕುಲುಕಾಟಕ್ಕೆ ಗುಂಡು ಮದ್ದಿನಿಂದ ಬಿಟ್ಟು ಮೆಲ್ಲಗೆ ಮುಂದೆ ಜಾರುತ್ತದೆ. ಬಾಯಿ ಮೇಲಾಗಿಯೇ ಒಯ್ಯಿರಿ. ದಿನಕ್ಕೆ ನಾಲ್ಕಾರು ಸಲ, ಪ್ರೈಮರ್ ತೆಗೆದು, ಗಜದಕೋಲು ಇಳಿಸಿ ಗೆರೆ ನೋಡಿ. ನಳಿಗೆಯ ಬಾಯಿಗೆ ವಿದ್ಯುತ್ ಟೇಪಿನ ಒಂದು ಚೂರು ಅಂಟಿಸಿದರೆ ಮಳೆ ಒಳಗಿಳಿಯುವುದಿಲ್ಲ. ಚಳಿಯಲ್ಲಿದ್ದ ಕೋವಿಯನ್ನು ಬೆಚ್ಚಗಿನ ಕೋಣೆಗೆ ಒಯ್ಯಬೇಡಿ, ನಳಿಗೆ ಬೆವರಿ ಮದ್ದು ತೇವವಾಗುತ್ತದೆ. ಪ್ರೈಮರ್ ತೆಗೆದು, ಹೊರಗಿನ ಚಳಿಯಲ್ಲೇ ಭದ್ರವಾಗಿಡಿ. ವಾಹನ ಹತ್ತುವ ಮೊದಲೂ ಪ್ರೈಮರ್ ಕಿಸೆಗೆ ಬಂದಿರಬೇಕು. ಎರಡು ಮರು ಈಡುಗಳನ್ನು ಅಳೆದ ಮದ್ದು, ಗುಂಡು, ಪ್ರೈಮರ್ ಸಮೇತ ಸಣ್ಣ ಕೊಳವೆಗಳಲ್ಲಿ ಸಿದ್ಧವಾಗಿಟ್ಟುಕೊಳ್ಳಿ.

ಎಲ್ಕ್ ಪಕ್ಕಕ್ಕೆ ತಿರುಗಿ ನಿಂತಿರಬೇಕು, ಇಲ್ಲವೇ ತುಸು ಆಚೆಗೆ ಮುಖ ಮಾಡಿರಬೇಕು. ಗುರಿ ಮುಂಗಾಲಿನ ಹಿಂದೆ, ಮೈಯ ಎತ್ತರದ ಕೆಳಗಿನ ಮೂರನೆಯ ಒಂದು ಭಾಗದಲ್ಲಿ. ಎದುರಾಗಿ ನಿಂತ ಗಂಡು ಎಷ್ಟೇ ಹತ್ತಿರವಿದ್ದರೂ ಕಾಯಿರಿ. ಗಂಡಿಗೆ ಕೊಂಬಿನ ಕವಲುಗಳ ನಿಯಮವಿರುವ ಪ್ರದೇಶಗಳೇ ಹೆಚ್ಚು, ಎಣಿಸಿಯೇ ಟ್ರಿಗರ್ ಮುಟ್ಟಿ.

ಈಡು ಹಾರಿದ ಮೇಲೆ ನಿಮಗೆ ಏನೂ ಕಾಣುವುದಿಲ್ಲ. ಕಪ್ಪು ಮದ್ದಾದರೆ ಬಿಳಿ ಹೊಗೆಯ ಗೋಡೆಯೇ ಎದ್ದು, ಗಾಳಿಯಿಲ್ಲದ ಬೆಳಗಿನಲ್ಲಿ ಅಲ್ಲೇ ತೂಗಾಡುತ್ತದೆ. ತಟ್ಟನೆ ಕುಳಿತರೆ ಹೊಗೆಯ ಕೆಳಗಿನಿಂದ ಕಾಲುಗಳಾದರೂ ಕಾಣಬಹುದು, ಯಾವ ಮರದ ಪಕ್ಕದಿಂದ ಓಡಿತೆಂದು ಗುರುತಿಟ್ಟುಕೊಳ್ಳಿ. ಓಡಬೇಡಿ, ಮೊದಲು ಕೋವಿ ತುಂಬಿ. ಸರಿಯಾಗಿ ಪೆಟ್ಟು ತಿಂದ ಎಲ್ಕ್ ಏನೂ ಆಗದಂತೆ ನಡೆದುಹೋಗಿ ನೂರು ಹೆಜ್ಜೆಯಾಚೆ ಬೀಳುವುದು ಸಾಮಾನ್ಯ. ಅರ್ಧ ಗಂಟೆಯಾದರೂ ಕಾದು, ಅದು ನಿಂತಿದ್ದ ಜಾಗದಿಂದ ನೆತ್ತರಿನ ಜಾಡು ಹಿಡಿಯಿರಿ. ತಪ್ಪಿತೆಂದು ಅನಿಸಿದರೂ ಹೋಗಿ ಹುಡುಕಲೇಬೇಕು.

ತೊಳೆಯುವುದು

ಕಪ್ಪು ಮದ್ದು, ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಮೂರರ ಕಿಟ್ಟವೂ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಹೊಡೆದ ದಿನವೇ ಹಿಂಬಿರಡೆ ಬಿಚ್ಚಿ, ಬಿಸಿನೀರು ಮತ್ತು ಸೋಪಿನಿಂದ ಬಟ್ಟೆ ಬೆಳ್ಳಗೆ ಬರುವವರೆಗೆ ತೊಳೆದು, ಒಣಗಿಸಿ ಎಣ್ಣೆ ಹಚ್ಚಿ. ಬ್ಲ್ಯಾಕ್‌ಹಾರ್ನ್‌ಗೆ ನೀರು ಬೇಡ, ಸಾಮಾನ್ಯ ಬಂದೂಕು ಶುಚಿಗೊಳಿಸುವ ದ್ರಾವಣ ಸಾಕು. ಅದರ ಹಿಂಬಿರಡೆಯ ಕಿಡಿರಂಧ್ರದಲ್ಲಿ ಕಟ್ಟುವ ಮಸಿಯನ್ನು ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ ಬಿಟ್‌ನಿಂದ ಕೆರೆದು ತೆಗೆಯಬೇಕು. ಬಿರಡೆಯ ತಿರುಪಿನ ಗೀರುಗಳಿಗೆ ಗ್ರೀಸ್ ಸವರಿಯೇ ಮತ್ತೆ ತಿರುಪಿ, ಇಲ್ಲದಿದ್ದರೆ ಮುಂದಿನ ವರ್ಷ ಅದು ಜಗ್ಗುವುದಿಲ್ಲ. ಎರಡು ದಿನ ಬಿಟ್ಟು ಒಣ ಬಿಳಿ ಬಟ್ಟೆಯೊಂದನ್ನು ನಳಿಗೆಯಲ್ಲಿ ಎಳೆದು ನೋಡಿ. ಕಂದು ಬಣ್ಣ ಹತ್ತಿದರೆ ಮೊದಲಿನಿಂದ ಮತ್ತೆ ತೊಳೆಯಿರಿ.